ಹೊಸ ಮನೆಗೆ ಒಂದು ವರ್ಷ, ಕೆಂಪು ನೆಲಕ್ಕೆ ಇಪ್ಪತ್ತು ದಿನ

ಮೊದಲ ಮನೆ ಕಟ್ಟಿಸಿದವರ ಗೃಹಪ್ರವೇಶಕ್ಕೆ ಈಚೆಗೆ ಎಲ್ಲಿ ಹೋದರೂ ಒಂದೇ ತಪ್ಪನ್ನು ಕಾಣುತ್ತಿದ್ದೇನೆ. ಹಾಲು ಉಕ್ಕಿಸುವ ಹೊತ್ತಿಗಾಗಲೇ ಗೋಡೆಗೋಡೆಗೂ ಬೀರು ಕೂರಿಸಿ, ತಾರಸಿಯ ಕೆಳಗೆ ಇಳಿಬಿಟ್ಟ ಅಲಂಕಾರದ ಸೀಲಿಂಗಿಗೆ ದೀಪ ಸಿಕ್ಕಿಸಿ, ಮುಂದೆ ಹತ್ತು ವರ್ಷ ಏನನ್ನೂ ಸರಿಸಲಾಗದಂತೆ ಮನೆಯನ್ನು ಮುಗಿಸಿಬಿಟ್ಟಿರುತ್ತಾರೆ. ಮೈಸೂರಿನಲ್ಲಿ ಮನೆ ಕಟ್ಟಿಸಿದ ನನ್ನ ತಂಗಿಯ ಮಗನಿಗೆ, ಮಳೆ ನೇರವಾಗಿ ಬಡಿಯುವ ಗೋಡೆಗೆ ಒಂದು ಮಳೆಗಾಲ ಕಳೆಯುವವರೆಗೆ ಏನನ್ನೂ ಆನಿಸಬೇಡವೆಂದು ಎರಡು ಸಲ ಹೇಳಿದ್ದೆ. ಅವನು ಕೇಳಲಿಲ್ಲ. ಅಕ್ಟೋಬರ್ ತಿಂಗಳ ಮಳೆಗೆ ಗೋಡೆ ಜಿನುಗಿತು. ದೀಪಾವಳಿಗೆ ಉಡಲೆಂದು ಸೊಸೆ ರೇಷ್ಮೆ ಸೀರೆ ತೆಗೆಯಹೋದರೆ ಬೀರುವಿನ ಹಿಂಬದಿಯ ಹಲಗೆಯ ತುಂಬ ಬೂಷ್ಟು ಹಿಡಿದಿತ್ತು.

ಒಂದು ಬೇಸಿಗೆ, ಒಂದು ಮುಂಗಾರು, ಒಂದು ಹಿಂಗಾರು ಕಳೆಯುವವರೆಗೆ ಮನೆಯೊಳಗೆ ಸುಮ್ಮನೆ ವಾಸ ಮಾಡಿ. ಮಧ್ಯಾಹ್ನದ ಬಿಸಿಲು ಯಾವ ಕೋಣೆಯನ್ನು ಕಾಯಿಸುತ್ತದೆ, ಎರಚಲು ಯಾವ ಕಿಟಕಿಯಿಂದ ಒಳಗೆ ಬರುತ್ತದೆ, ಮಕ್ಕಳು ತಾವಾಗಿಯೇ ಎಲ್ಲಿ ಪುಸ್ತಕ ಹರಡಿಕೊಂಡು ಕೂರುತ್ತಾರೆ ಎಂಬುದು ಅಷ್ಟರಲ್ಲಿ ತಿಳಿದುಬರುತ್ತದೆ. ಬೀರು, ಕಪಾಟುಗಳ ಯೋಚನೆಯನ್ನು ಆಮೇಲೆ ಮಾಡಬಹುದು. ಆದರೆ ಕಟ್ಟುವಾಗಲೇ ಮಾಡಬೇಕಾದ ಕೆಲವು ಕೆಲಸಗಳನ್ನು ಮುಂದಕ್ಕೆ ಹಾಕಬೇಡಿ. ಗಿಲಾವು ಮಾಡುವ ಮೊದಲು ಪ್ರತಿ ಗೋಡೆಯ ಪೈಪು, ವೈರುಗಳ ಫೋಟೋ ತೆಗೆದಿಡಿ. ಮುಂದೊಂದು ದಿನ ಮಹಡಿ ಎತ್ತಲೆಂದು ತಾರಸಿಯಲ್ಲಿ ಬಿಟ್ಟ ಕಂಬಿಗಳಿಗೆ ಸಿಮೆಂಟು ಹಾಲು ಬಳಿಸಿ, ಇಲ್ಲದಿದ್ದರೆ ಮಹಡಿ ಕಟ್ಟುವ ಕಾಲಕ್ಕೆ ತುಕ್ಕು ಮಾತ್ರ ಉಳಿದಿರುತ್ತದೆ. ಕೆಳಗೊಂದು ಕೋಣೆ, ಅದಕ್ಕೆ ತಾಗಿದಂತೆ ಒಂದು ಬಚ್ಚಲು, ಎರಡಕ್ಕೂ ಗಾಲಿಕುರ್ಚಿ ಸಲೀಸಾಗಿ ಹೋಗುವಷ್ಟು ಅಗಲದ ಬಾಗಿಲು ಇರಲೇಬೇಕು. ಮೂವತ್ತು ವರ್ಷದ ದಂಪತಿಗೆ ಇದು ಬೇಡದ ಖರ್ಚಿನಂತೆ ಕಾಣುತ್ತದೆ. ನಮ್ಮ ಅತ್ತೆಯವರು ಸೊಂಟ ಮುರಿದುಕೊಂಡು ಎಂಟು ತಿಂಗಳು ಮಲಗಿದ್ದಾಗ, ಅಂಥ ಕೋಣೆ ಇದ್ದುದರಿಂದಲೇ ನಾವು ಅವರನ್ನು ನಮ್ಮ ನಡುವೆಯೇ ಇಟ್ಟುಕೊಂಡು ನೋಡಿಕೊಳ್ಳಲು ಸಾಧ್ಯವಾಯಿತು.

ಇನ್ನು ನೆಲದ ಮಾತು. ಸಿಮೆಂಟಿಗೆ ಕೆಂಪು ಬಣ್ಣದ ಪುಡಿ ಬೆರೆಸಿ ಹಾಕುವ ರೆಡ್ ಆಕ್ಸೈಡ್ ನೆಲಕ್ಕೆ ಈಗ ಮತ್ತೆ ಬೇಡಿಕೆ ಬಂದಿರುವುದು ನನಗೆ ನಿಜಕ್ಕೂ ಸಂತೋಷದ ವಿಷಯ. ಆದರೆ ಅದನ್ನು ಹಾಕಿಸಿದ ನಾಲ್ಕನೆಯ ದಿನವೇ ಮುಹೂರ್ತ ಹತ್ತಿರ ಬಂತೆಂದು ಅದರ ಮೇಲೆ ನಿಲ್ಲಿಸಿದ್ದ ನೀರನ್ನು ಬಳಿದು ಹೊರಹಾಕಿ, ಶಾಮಿಯಾನದವರಿಂದ ಕುರ್ಚಿ ಎಳೆಸುವವರನ್ನು ಕಂಡರೆ ಸಿಟ್ಟು ಬರುತ್ತದೆ. ಸಿಮೆಂಟು ಗಟ್ಟಿಯಾಗುವುದು ಒಣಗುವುದರಿಂದಲ್ಲ, ನೀರು ಕುಡಿಯುವುದರಿಂದ. ಬೇಗ ಒಣಗಿದ ನೆಲದಲ್ಲಿ ಕೂದಲೆಳೆಯಂಥ ಬಿರುಕುಗಳು ಬಲೆಯಂತೆ ಹರಡುತ್ತವೆ, ಆಮೇಲೆ ಎಷ್ಟು ಪಾಲಿಶ್ ಮಾಡಿಸಿದರೂ ಅವು ಹೋಗುವುದಿಲ್ಲ. 1981ರಲ್ಲಿ ನಮ್ಮ ಮನೆಯ ನಡುಮನೆಗೆ ನೆಲ ಹಾಕಿದ ಮೇಸ್ತ್ರಿ, ಕರಣೆಯಿಂದ ಉಜ್ಜಿ ಉಜ್ಜಿ ತನ್ನ ಮುಖ ಕಾಣುವಂತೆ ಮಾಡಿದ ಮೇಲೆ, ಮರುದಿನ ಬಾಗಿಲುಗಳಿಗೆ ಅಡ್ಡಲಾಗಿ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ. ಹತ್ತು ದಿನ ಆ ನೀರು ಇಂಗದಂತೆ ಬೆಳಿಗ್ಗೆ ಸಂಜೆ ತುಂಬುವುದು ನನ್ನ ಕೆಲಸವಾಗಿತ್ತು. ನೀರು ತೆಗೆದ ಮೇಲೆ ಮತ್ತೆ ಹತ್ತು ದಿನ, ಬರಿಗಾಲಿನವರನ್ನು ಬಿಟ್ಟು ಬೇರೆ ಯಾರನ್ನೂ ಒಳಗೆ ಬಿಡಲಿಲ್ಲ.

ಆಮೇಲಿನದು ನೆಲಕ್ಕೆ ಎಣ್ಣೆ ಉಜ್ಜುವ ಕೆಲಸ. ಅದು ಅತ್ತೆಯವರು ಕಲಿಸಿದ ಕ್ರಮ, ಇದರಲ್ಲಿ ಒಂದು ಹೆಜ್ಜೆಯನ್ನೂ ಬಿಡಕೂಡದು. ನೆಲ ಪೂರ್ತಿ ಆರಿರಬೇಕು. ಅಂಗೈ ಊರಿ ತೆಗೆದರೆ ತಂಪಾಗಿರಬೇಕು, ತೇವ ತಾಗಬಾರದು. ಹಳೆಯ ಹತ್ತಿ ಪಂಚೆಯನ್ನು ಅಂಗೈಯಗಲಕ್ಕೆ ಮಡಿಸಿ, ಕೊಬ್ಬರಿ ಎಣ್ಣೆಯಲ್ಲಿ ಅದ್ದಿ, ಇನ್ನು ಒಂದು ಹನಿಯೂ ಬೀಳದಷ್ಟು ಹಿಂಡಬೇಕು. ಎಣ್ಣೆಯನ್ನು ನೆಲದ ಮೇಲೆ ಸುರಿದು ಹರಡುವವರನ್ನು ನೋಡಿದ್ದೇನೆ, ಅದು ನೆಲಕ್ಕೂ ಕೇಡು, ಕಾಲಿಗೂ ಅಪಾಯ. ಒಳಗಿನ ಮೂಲೆಯಿಂದ ಬಾಗಿಲ ಕಡೆಗೆ, ಮೊಣಕಾಲೂರಿ, ಒಂದೊಂದು ಮಾರು ಜಾಗವನ್ನೇ ಹಿಡಿದು ಸುತ್ತು ಸುತ್ತಾಗಿ ಒತ್ತಿ ಉಜ್ಜುತ್ತ ಬರಬೇಕು. ಇದನ್ನು ರಾತ್ರಿ ಊಟವಾದ ಮೇಲೆ, ಎಲ್ಲರೂ ಮಲಗಿದಾಗ, ಧೂಳು ಬಾರದಂತೆ ಕಿಟಕಿ ಮುಚ್ಚಿ ಮಾಡಬೇಕು. ಬೆಳಿಗ್ಗೆ ಯಾರೂ ಕಾಲಿಡುವ ಮೊದಲು ಒಣಬಟ್ಟೆಯಿಂದ ಮತ್ತೆ ಉಜ್ಜಿ, ಬೆರಳಿನಿಂದ ಒಂದು ಗೀಟು ಎಳೆದು ನೋಡಿ: ಗೀಟು ಮೂಡಿದರೆ ಎಣ್ಣೆ ಇನ್ನೂ ಮೇಲೆಯೇ ಇದೆ, ಇನ್ನಷ್ಟು ಉಜ್ಜಬೇಕು. ಮೊದಲ ಎರಡು ತಿಂಗಳು ವಾರಕ್ಕೊಮ್ಮೆ, ಆ ವರ್ಷ ಮುಗಿಯುವವರೆಗೆ ತಿಂಗಳಿಗೊಮ್ಮೆ, ಆಮೇಲೆ ಯುಗಾದಿಗೆ ಒಂದು ಸಲ, ದಸರೆಗೆ ಒಂದು ಸಲ ಮಾಡಿದರೆ ಸಾಕು. ನಡುವೆ ಬರಿನೀರಿನಲ್ಲಿ ಒರೆಸಿದರೆ ಸಾಲದೇ? ಆಸಿಡ್ಡಿನ ಬಾಟಲಿಯನ್ನಂತೂ ಈ ನೆಲದ ಹತ್ತಿರಕ್ಕೂ ತರಬೇಡಿ, ಅದು ಸಿಮೆಂಟನ್ನೇ ತಿನ್ನುತ್ತದೆ.

ಹುಳಿಯ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಹಿತ್ತಾಳೆಯ ದೀಪಗಳನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ, ತೊಳೆಯುವ ಮೊದಲೇ ನೆಲದ ಮೇಲೆ ಸಾಲಾಗಿ ಇಟ್ಟರೆ, ದೀಪದ ಬುಡದಷ್ಟೇ ದುಂಡಗಿನ ಬಿಳಿ ಕಲೆ ಉಳಿಯುತ್ತದೆ. ದೀಪಗಳನ್ನಾದರೂ ತೊಳೆದ ಕೂಡಲೇ ಬಟ್ಟೆಯಿಂದ ಒರೆಸಿ, ಒಣ ವಿಭೂತಿಯಲ್ಲಿ ಒಮ್ಮೆ ತಿಕ್ಕಿಡಿ. ನೀರು ತಾನಾಗಿ ಆರಲೆಂದು ಬಿಟ್ಟ ಹಿತ್ತಾಳೆ ಸಂಜೆಗೆ ಮಂಕಾಗುತ್ತದೆ.

ಕೊನೆಯದಾಗಿ, ನೆಲದ ಕೆಲಸ ಮುಗಿದ ದಿನ ಉಳಿದ ಬಣ್ಣದ ಪುಡಿಯನ್ನು ಮೇಸ್ತ್ರಿಯಿಂದ ಕೇಳಿ ಪಡೆದು, ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ಮೇಲೆ ತಾರೀಖು ಬರೆದು ಅಟ್ಟದಲ್ಲಿಡಿ. ಅಂಗಡಿಯಲ್ಲಿ ಮುಂದೆ ಸಿಗುವ ಕೆಂಪು ಇದೇ ಕೆಂಪಾಗಿರುವುದಿಲ್ಲ. 2004ರಲ್ಲಿ ನನ್ನ ಮೊಮ್ಮಗ ಒನಕೆ ಬೀಳಿಸಿ ನಡುಮನೆಯಲ್ಲಿ ಅಂಗೈಯಗಲ ನೆಲ ಒಡೆದಾಗ, ಇಪ್ಪತ್ತಮೂರು ವರ್ಷ ಅಟ್ಟದಲ್ಲಿದ್ದ ಆ ಪುಡಿಯನ್ನೇ ಹೊಸ ಸಿಮೆಂಟಿಗೆ ಬೆರೆಸಿ ತೇಪೆ ಹಾಕಿಸಿದೆವು. ಆರು ತಿಂಗಳು ಎಣ್ಣೆ ಉಂಡ ಮೇಲೆ ಅದು ಸುತ್ತಲಿನ ನೆಲದೊಂದಿಗೆ ಬೆರೆಯಿತು. ಆ ಮೊಮ್ಮಗ ಈಗ ಅದೇ ಮನೆಯಲ್ಲಿ ಸಂಸಾರ ಹೂಡಿದ್ದಾನೆ, ಡಬ್ಬಿಯಲ್ಲಿ ಇನ್ನೂ ಎರಡು ಹಿಡಿ ಪುಡಿ ಉಳಿದಿದೆ.