‘ರನ್’ ಅಂದ್ರೆ ಬರೀ ಓಡೋದಲ್ಲ: ಒಂದು ಪದದ ಹತ್ತಾರು ಅರ್ಥ ಕಲಿಯೋದು ಹೇಗೆ?

ನಮ್ಮ ಮನೆ ಕುಮಟಾದ ಹತ್ತಿರ, ಅಘನಾಶಿನಿ ಹೊಳೆಯ ದಡದಲ್ಲಿ. ಸಂಜೆ ಐದೂವರೆಗೆ ಏಳೆಂಟು ಹೈಸ್ಕೂಲು ಮಕ್ಕಳು ಜಗುಲಿಗೆ ಬಂದು ಕೂರುತ್ತಾರೆ. ನಾನು ಅವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಹೋದ ಮಳೆಗಾಲದಲ್ಲಿ ಒಬ್ಬ ಹುಡುಗಿ ‘ಮೈ ಫಾದರ್ ರನ್ಸ್ ಎ ಶಾಪ್’ ಅನ್ನೋದನ್ನು ‘ನನ್ನ ಅಪ್ಪ ಅಂಗಡಿಗೆ ಓಡುತ್ತಾರೆ’ ಅಂತ ಬರೆದಳು. ಅವಳ ಅಪ್ಪನಿಗೆ ನಿಜಕ್ಕೂ ಕಿರಾಣಿ ಅಂಗಡಿ ಇದೆ. ವಿಷಯ ಅವಳಿಗೆ ಚೆನ್ನಾಗಿ ಗೊತ್ತು, ಆದರೂ ಆ ಒಂದು ಪದ ದಾರಿ ತಪ್ಪಿಸಿತು. ಅವಳಿಗೆ ಹೇಳಿಕೊಟ್ಟ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ, ಅರ್ಥಗಳ ಪಟ್ಟಿಯನ್ನು ಬಾಯಿಪಾಠ ಮಾಡಬೇಡಿ. ಅದು ಮುಗಿಯೋ ಕೆಲಸ ಅಲ್ಲ. ದೊಡ್ಡ ಆಕ್ಸ್‌ಫರ್ಡ್ ನಿಘಂಟಿನ 1989ರ ಆವೃತ್ತಿಯಲ್ಲಿ ‘ಸೆಟ್’ ಎಲ್ಲಕ್ಕಿಂತ ಮುಂದಿತ್ತು. ಅದೊಂದಕ್ಕೇ ಸುಮಾರು 430 ಅರ್ಥ. ಆಮೇಲೆ ನಿಘಂಟನ್ನು ಪರಿಷ್ಕರಿಸುತ್ತಾ ಬಂದಾಗ ‘ರನ್’ ಅದನ್ನು ಹಿಂದೆ ಹಾಕಿತು. ಬರೀ ಕ್ರಿಯಾಪದವಾಗಿ 645 ಅರ್ಥ! ಇಷ್ಟನ್ನು ಇಂಗ್ಲಿಷಿನವರೂ ಎಣಿಸಿ ಕಲಿತಿರುವುದಿಲ್ಲ.

ಹಾಗಾದರೆ ಏನು ಮಾಡಬೇಕು? ‘ರನ್ ಅಂದ್ರೆ ಏನು’ ಅಂತ ಕೇಳೋದನ್ನು ಬಿಟ್ಟು, ‘ರನ್ ಆಗ್ತಿರೋದು ಯಾವುದು’ ಅಂತ ಕೇಳಿ. ಅರ್ಥ ಇರೋದು ಪಕ್ಕದ ಪದದಲ್ಲಿ. ನಾನು ಮಕ್ಕಳಿಗೆ ಒಂದೇ ವಿಷಯದ ಮೇಲೆ ನಾಲ್ಕು ವಾಕ್ಯ ಕೊಡುತ್ತೇನೆ. ಅಘನಾಶಿನಿ ಸಿರಸಿ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ನಮ್ಮೂರ ಹತ್ತಿರ ಸಮುದ್ರ ಸೇರುತ್ತದೆ. ಇಲ್ಲಿ ರನ್ ಆಗೋದು ಹೊಳೆ, ಹಾಗಾಗಿ ‘ಹರಿಯುತ್ತದೆ’. ಕುಮಟಾ–ಸಿರಸಿ ರಸ್ತೆ ದೇವಿಮನೆ ಘಾಟಿನಲ್ಲಿ ರನ್ ಆದರೆ ‘ಹಾದುಹೋಗುತ್ತದೆ’. ಅದೇ ರಸ್ತೆಯಲ್ಲಿ ಬಸ್ಸು ರನ್ ಆದರೆ ‘ಓಡಾಡುತ್ತದೆ’. ಘಾಟಿನ ತಿರುವಿನಲ್ಲಿ ಒಬ್ಬರು ಚಹಾದಂಗಡಿ ರನ್ ಮಾಡಿದರೆ ‘ನಡೆಸುತ್ತಾರೆ’. ನಾಲ್ಕೂ ಕಡೆ ಪದ ಒಂದೇ. ಹೊಳೆ, ರಸ್ತೆ, ಬಸ್ಸು, ಅಂಗಡಿ, ಇವುಗಳ ಕೆಳಗೆ ಗೆರೆ ಎಳೆಯಿರಿ. ಅರ್ಥ ತಾನಾಗಿ ಬರುತ್ತದೆ.

ಕ್ರಿಕೆಟ್ ಆಡೋ ಹುಡುಗರಿಗೆ ಇದು ಇನ್ನೂ ಸುಲಭ. ಚೆಂಡು ಗಡಿ ದಾಟಿದರೆ ಯಾರೂ ಓಡದೆ ನಾಲ್ಕು ರನ್ ಸಿಗುತ್ತದೆ ಅಲ್ವಾ? ಅಲ್ಲಿ ಯಾರೂ ‘ಓಟ’ ಅಂತ ಗಲಿಬಿಲಿ ಮಾಡಿಕೊಳ್ಳೋದಿಲ್ಲ.

ಆಮೇಲೆ ಬಾಲ ನೋಡಿ. ರನ್ ಪದದ ಹಿಂದೆ ಬರೋ ಚಿಕ್ಕ ಪದ ಅರ್ಥವನ್ನೇ ತಿರುಗಿಸಿಬಿಡುತ್ತದೆ. ಸಕ್ಕರೆ ‘ರನ್ ಔಟ್’ ಆದರೆ ಡಬ್ಬ ಖಾಲಿ. ಬ್ಯಾಟ್ಸ್‌ಮನ್ ‘ರನ್ ಔಟ್’ ಆದರೆ ಆಟದಿಂದ ಹೊರಗೆ. ಪೇಟೆಯಲ್ಲಿ ಹಳೇ ಗೆಳತಿಯನ್ನು ‘ರನ್ ಇಂಟು’ ಮಾಡಿದರೆ ಅಚಾನಕ್ಕಾಗಿ ಸಿಕ್ಕಳು ಅಂತ. ಬೈಕು ಕಂಬವನ್ನು ‘ರನ್ ಇಂಟು’ ಮಾಡಿದರೆ ಡಿಕ್ಕಿ. ಬಾಲ ಒಂದೇ ಇದ್ದರೂ ಪಕ್ಕದ ಪದ ಬೇರೆ, ಹಾಗಾಗಿ ಅರ್ಥವೂ ಬೇರೆ. ಮೊದಲ ನಿಯಮವನ್ನು ಇಲ್ಲೂ ಬಿಡಬೇಡಿ.

ಇನ್ನು ಸಮಾನಾರ್ಥಕ ಪದಗಳು. ಮಕ್ಕಳು ಜಾಸ್ತಿ ಎಡವೋದು ಇಲ್ಲೇ. ರನ್, ಫ್ಲೋ, ಲೀಕ್, ಮೂರೂ ಒಂದೇ ಅಂತ ಬರೆದುಕೊಳ್ಳುತ್ತಾರೆ. ನಮ್ಮ ಕನ್ನಡದ ‘ಸೋರು’ ತಗೊಳ್ಳಿ. ಜುಲೈ ಮಳೆಗೆ ಮನೆಯ ಮಾಡು (ಸೂರು) ಸೋರುತ್ತದೆ, ನೆಗಡಿಗೆ ಮೂಗು ಸೋರುತ್ತದೆ. ಇಂಗ್ಲಿಷಿನಲ್ಲಿ ಮಾಡು ಲೀಕ್ ಆಗುತ್ತದೆ, ಮೂಗು ರನ್ ಆಗುತ್ತದೆ. ಮೂಗಿಗೆ ಲೀಕ್ ಅಂದರೆ ಕೇಳಿದವರಿಗೆ ವಿಚಿತ್ರ ಅನ್ನಿಸುತ್ತದೆ. ಲೀಕ್ ಅಂದರೆ ಬೇಡದ ತೂತಿನಿಂದ ಹೊರಗೆ ಬರೋದು. ಹೊಳೆಗೆ ರನ್, ಫ್ಲೋ ಎರಡೂ ನಡೆಯುತ್ತದೆ. ಅಂಗಡಿಗೆ ಫ್ಲೋ ಹೊಂದೋದೇ ಇಲ್ಲ, ಅಲ್ಲಿ ‘ಮ್ಯಾನೇಜ್’ ಬರಬಹುದು. ಆದರೂ ಒಂದು ವ್ಯತ್ಯಾಸ ಇದೆ. ಬೇರೆಯವರ ಅಂಗಡಿಯನ್ನು ಸಂಬಳಕ್ಕೆ ನೋಡಿಕೊಳ್ಳುವವರಿಗೆ ‘ಮ್ಯಾನೇಜ್’ ಚೆನ್ನಾಗಿ ಒಪ್ಪುತ್ತದೆ. ಆ ಹುಡುಗಿಯ ಅಪ್ಪ ಬೆಳಿಗ್ಗೆ ತಾವೇ ಬಾಗಿಲು ತೆಗೆದು, ತಾವೇ ತೂಕ ಹಾಕುತ್ತಾರೆ. ಅವರಿಗೆ ‘ರನ್’ ಸರಿ. ಅದಕ್ಕೆ ನಾನು ಹೇಳೋದು: ಸಮಾನಾರ್ಥಕ ಸಿಕ್ಕಿದ ಕೂಡಲೇ ಅದನ್ನು ಅದೇ ವಾಕ್ಯದಲ್ಲಿ ಕೂರಿಸಿ ಜೋರಾಗಿ ಓದಿ. ಕೂತರೆ ಇಟ್ಟುಕೊಳ್ಳಿ.

ಚುನಾವಣೆ ವಿಷಯವಂತೂ ನನಗೆ ತುಂಬಾ ಇಷ್ಟ. ಅಮೆರಿಕದವರು ಚುನಾವಣೆಗೆ ‘ರನ್’ ಮಾಡುತ್ತಾರೆ. ಬ್ರಿಟಿಷರು ‘ಸ್ಟ್ಯಾಂಡ್’ ಮಾಡುತ್ತಾರೆ. ನಾವೂ ‘ನಿಲ್ಲುತ್ತೇವೆ’.

ಹೆದರಿಕೆ ಆದರೆ ನಮ್ಮ ‘ಹೊಡೆ’ ನೆನಪು ಮಾಡಿಕೊಳ್ಳಿ. ಸಿರಸಿಯ ತೋಟದಲ್ಲಿ ಅಡಿಕೆಗೆ ಕೊಳೆ ಔಷಧಿ ಹೊಡೆಯುತ್ತಾರೆ. ಸೈಕಲ್ಲಿಗೆ ಗಾಳಿ, ಗೋಡೆಗೆ ಮೊಳೆ, ಮನೆಗೆ ಬಣ್ಣ ಹೊಡೆಯುತ್ತೇವೆ. ಗೊರಕೆ ಹೊಡೆಯುತ್ತೇವೆ, ಹರಟೆ ಹೊಡೆಯುತ್ತೇವೆ. ಇದನ್ನೆಲ್ಲ ಯಾರೂ ಪಟ್ಟಿ ಮಾಡಿ ಕಲಿಸಲಿಲ್ಲ. ಔಷಧಿ, ಗಾಳಿ, ಹರಟೆ ಅನ್ನೋ ಪಕ್ಕದ ಪದಗಳ ಜೊತೆಗೇ ಕಲಿತೆವು.

ಕಡೆಗೆ ಪುಸ್ತಕದ ಕೆಲಸ. ಒಂದು ಇನ್ನೂರು ಪುಟದ ನೋಟ್‌ಬುಕ್ ಸಾಕು. ಒಂದು ಪದಕ್ಕೆ ಎರಡು ಪುಟ ಬಿಡಿ. ಅರ್ಥ ಬರೆಯಬೇಡಿ, ಪೂರ್ತಿ ವಾಕ್ಯ ಬರೆಯಿರಿ. ವಾಕ್ಯ ನಿಮ್ಮ ಮನೆ, ನಿಮ್ಮ ಊರಿನದ್ದೇ ಆಗಿರಲಿ. ವಾರಕ್ಕೆ ಒಂದೇ ಪದ. ನಿಘಂಟು ಬೇಕಾದರೆ ಕಲಿಯುವವರಿಗೆಂದೇ ಮಾಡಿದ ಚಿಕ್ಕದನ್ನು ತಗೊಳ್ಳಿ. ದೊಡ್ಡ ಆಕ್ಸ್‌ಫರ್ಡಿನಲ್ಲಿ ಅರ್ಥಗಳು ಹುಟ್ಟಿದ ಕಾಲದ ಕ್ರಮದಲ್ಲಿ ಇರುತ್ತವೆ. ಹಳೇದು ಮೊದಲು, ದಿನಬಳಕೆಯದ್ದು ಎಲ್ಲೋ ಕೆಳಗೆ.

ಮೊನ್ನೆ ಮೀನುಗಾರರ ಮನೆಯ ಹುಡುಗನೊಬ್ಬ ಹೊಳೆ ಕಡೆ ನೋಡುತ್ತಾ ಕೇಳಿದ, ‘ಅಕ್ಕೋರೇ, ಭರತಿ ಇಳಿಯೋದಕ್ಕೂ ರನ್ ಅನ್ಬಹುದಾ?’ ಅನ್ನಬಹುದು. ‘ದಿ ಟೈಡ್ ಈಸ್ ರನ್ನಿಂಗ್ ಔಟ್’ ಅಂತ ಅವನೇ ಬರೆದ. ‘ಟೈಡ್’ ಕೆಳಗೆ ಎರಡು ಗೆರೆ ಎಳೆದ.