ತಂಗಡಿ ತೊಗಟೆಯಲ್ಲಿ ಉಣ್ಣೆ ಸಮೇತ ಕುರಿ ತೊಗಲು: ನನ್ನ ಅನುಭವ

ತಂಗಡಿ, ಅಂದರೆ ಆವರಿಕೆ ಗಿಡದ ತೊಗಟೆಯ ಕಷಾಯದಲ್ಲಿ ತೊಗಲು ಹದ ಮಾಡಿದರೆ ಉಣ್ಣೆ ನಿಲ್ಲುವುದಿಲ್ಲ ಅಂತ ನಮ್ಮ ಚಳ್ಳಕೆರೆ ಕಡೆ ತೊಗಲಿನ ಕೆಲಸ ಬಲ್ಲವರೆಲ್ಲ ಹೇಳಿದ್ದರು. ಉಣ್ಣೆ ಬೇಕಿದ್ದರೆ ಪಟಿಕ ಹಾಕು, ಇಲ್ಲವೇ ಕ್ರೋಮಿಯಂ ರಾಸಾಯನಿಕದಲ್ಲಿ ಹದ ಮಾಡುವವರಿಗೆ ಕೊಡು ಎಂಬುದೇ ಎಲ್ಲರ ಮಾತು. ಈಗ ಎರಡು ಮಳೆಗಾಲ ಕಂಡ ಕರಿ ಕುರಿ ತೊಗಲು ನಮ್ಮ ಮನೆಯಲ್ಲಿದೆ. ಉಣ್ಣೆ ಹಿಡಿದು ಜಗ್ಗಿ, ಒಂದೆಳೆ ಕೈಗೆ ಬರುವುದಿಲ್ಲ.

ಪಟಿಕವನ್ನೂ ಮಾಡಿ ನೋಡಿದೆ. ಬೇಸಿಗೆಯಲ್ಲಿ ಬೆಳ್ಳಗೆ, ಮೆತ್ತಗೆ, ನೋಡಲು ಚೆಂದ. ಜಡಿಮಳೆ ಹಿಡಿದದ್ದೇ ತಡ, ಒಳಗಿನ ಉಪ್ಪು ತೇವ ಎಳೆದು ತೊಗಲು ಜೋತುಬಿತ್ತು. ತೊಳೆದರೆ ಪಟಿಕವೇ ಬಿಟ್ಟುಹೋಗಿ, ಒಣಗಿದ ಮೇಲೆ ಹಲಗೆಯಂತಾಯಿತು. ಕೊಂಡವರು ವಾಪಸು ತಂದರು, ದುಡ್ಡು ಹಿಂದಿರುಗಿಸಿದೆ. ಆಮೇಲೆ ತಂಗಡಿ ಕಷಾಯದಲ್ಲಿ ಮುಳುಗಿಸಿ ನೋಡಿದೆ. ಕಷಾಯ ತೆಳುವಾದರೆ ಹೊಟ್ಟೆ ಭಾಗದ ಉಣ್ಣೆ ಮುಷ್ಟಿಗಟ್ಟಲೆ ಕಿತ್ತು ಬರುತ್ತಿತ್ತು. ಗಟ್ಟಿಯಾದರೆ ಮೇಲ್ಪದರ ಬಿಗಿದು ಒಳಗೆ ಇಳಿಯುತ್ತಲೇ ಇರಲಿಲ್ಲ. ಕತ್ತಿನ ಹತ್ತಿರ ಕೊಯ್ದು ನೋಡಿದರೆ ಎರಡೂ ಅಂಚು ಕಂದು, ನಡುವೆ ಹಸಿ ಬಿಳಿ ಗೆರೆ. ಆ ವರ್ಷ ಎಂಟೊಂಬತ್ತು ಸಾವಿರ ಕೈಬಿಟ್ಟಿತು.

ದಾರಿ ಸಿಕ್ಕಿದ್ದು ಹುಳಿ ಮಜ್ಜಿಗೆಯಿಂದ. ಉಣ್ಣೆ ಉದುರುವುದು ತಂಗಡಿಯಿಂದಲ್ಲ, ತಂಗಡಿ ಇಳಿಯುವ ಮೊದಲೇ ಉಣ್ಣೆಯ ಬುಡದಲ್ಲಿ ಕೊಳೆತ ಶುರುವಾಗಿರುತ್ತದೆ. ಅದಕ್ಕೇ ಸುಲಿದು ಎರಡು ಗಂಟೆಯೊಳಗೆ ಕಲ್ಲುಪ್ಪು ಬೀಳಲೇಬೇಕು. ಬಿಸಿಲಲ್ಲಿ ರಾಶಿ ಬಿದ್ದ ತೊಗಲನ್ನು ಪುಕ್ಕಟೆ ಕೊಟ್ಟರೂ ಮುಟ್ಟುವುದಿಲ್ಲ. ಮಾಂಸ, ಪೊರೆ ಹೆರೆದು, ಅಂಟುವಾಳದಲ್ಲಿ ಉಣ್ಣೆಯ ಜಿಡ್ಡು ತೆಗೆದು, ಕೊಳೆತ ತಡೆಯಲು ಚೆನ್ನಾಗಿ ಹುಳಿ ಬಂದ ಮಜ್ಜಿಗೆಗೆ ಹಾಕುತ್ತೇನೆ. ಹತ್ತು ಲೀಟರಿಗೆ ಹೆಚ್ಚುಕಮ್ಮಿ ಒಂದು ಕೆಜಿ ಉಪ್ಪು. ಉಪ್ಪು ಕಡಿಮೆಯಾದರೆ ಹುಳಿಗೆ ತೊಗಲು ಊದಿಕೊಳ್ಳುತ್ತದೆ, ಆಮೇಲೆ ಯಾವ ಉಪಾಯವೂ ನಡೆಯದು. ಮೂರ್ನಾಲ್ಕು ದಿನ, ದಿನಕ್ಕೆರಡು ಸಲ ತಿರುವಬೇಕು.

ತಂಗಡಿಯಲ್ಲಿ ಮುಳುಗಿಸುವ ಮಾತೇ ಇಲ್ಲ. ಕಷಾಯವನ್ನು ಬತ್ತಿಸಿ ಗಟ್ಟಿ ಮಾಡಿ, ಮಾಂಸದ ಬದಿಗೆ ಮಾತ್ರ ಬಳಿದು, ಒಳಮುಖವಾಗಿ ಮಡಚಿ ಒದ್ದೆ ಗೋಣಿ ಹೊದಿಸುತ್ತೇನೆ. ಕಷಾಯ ಜಾರದಂತೆ ಸೇರಿಸುವ ಹಿಟ್ಟು ಯಾವುದೆಂದು ಹೇಳುವುದಿಲ್ಲ, ಅದು ನನ್ನ ದುಡಿಮೆ. ಒಣಗುವ ಮುಂಚೆ ಮತ್ತೆ ಬಳಿಯಬೇಕು, ಕತ್ತಿನ ಬಿಳಿ ಗೆರೆ ಪೂರ್ತಿ ಮಾಯವಾಗುವವರೆಗೆ. ಕೊನೆಗೆ ಒಂದು ಸಲ ಅಳಲೆಕಾಯಿ ಕಷಾಯ. ಬರೀ ತಂಗಡಿಯ ತೊಗಲು ಬಿಸಿಲಿಗೆ ಕೆಂಪಾಗುತ್ತದೆ, ಅಳಲೆ ಅದನ್ನು ತಡೆಯುತ್ತದೆ. ಅರ್ಧ ಒಣಗಿದಾಗ ಹರಳೆಣ್ಣೆ, ಕೋಳಿಮೊಟ್ಟೆಯ ಹಳದಿ; ಆಮೇಲೆ ಮರದ ಅಂಚಿಗೆ ಹಾಕಿ ಎಳೆದದ್ದೇ ಎಳೆದದ್ದು. ತೋಳು ಸೋತಿತೆಂದು ಇಲ್ಲಿ ಬಿಟ್ಟರೆ ಹಿಂದಿನದೆಲ್ಲ ವ್ಯರ್ಥ.

ಕಬ್ಬಿಣದ ಡ್ರಮ್ಮು, ಕಬ್ಬಿಣದಂಶವಿರುವ ಬೋರ್ ನೀರು ಎರಡೂ ಬೇಡ. ತಂಗಡಿಗೆ ಕಬ್ಬಿಣ ತಾಕಿದರೆ ಕಪ್ಪು ಕಲೆ, ಹೋಗುವುದೇ ಇಲ್ಲ. ಗಿಡವನ್ನು ಬುಡಸಮೇತ ಕೀಳಬೇಡಿ. ಕೊಂಬೆ ಕಡಿದರೆ ಮತ್ತೆ ಚಿಗುರುತ್ತದೆ, ಮಳೆ ಬಿದ್ದ ಮೇಲೆ ತೊಗಟೆ ಸಲೀಸಾಗಿ ಬಿಡುತ್ತದೆ.

ಹಸಿ ತೊಗಲಿಗೆ ಇಪ್ಪತ್ತು ಮೂವತ್ತು ರೂಪಾಯಿ, ಬಕ್ರೀದ್ ಹೊತ್ತಿಗೆ ಎಷ್ಟೋ ಕಡೆ ಹಾಗೇ ಕೊಡುತ್ತಾರೆ. ನನ್ನ ಕೂಲಿ ಸೇರಿ ಒಂದಕ್ಕೆ ಆರುನೂರು ಬೀಳಬಹುದು. ಮೊದಲದನ್ನು 2,500ಕ್ಕೆ ಕೊಟ್ಟೆ, ಈಗ 3,500ಕ್ಕೆ ಕಡಿಮೆ ಇಲ್ಲ. ಜಪಕ್ಕೆ ಕೂರಲು ಒಯ್ಯುವವರೇ ಹೆಚ್ಚು. ಕೆಲವರು ಕೃಷ್ಣಾಜಿನ, ಅಂದರೆ ಕೃಷ್ಣಮೃಗದ ತೊಗಲು ಕೇಳುತ್ತಾರೆ. ಕೃಷ್ಣಮೃಗ 1972ರ ವನ್ಯಜೀವಿ ಕಾಯ್ದೆಯಡಿ ಬರುವ ಪ್ರಾಣಿ, ಕೇಳಿದವರನ್ನು ಬಾಗಿಲಲ್ಲೇ ಕಳಿಸುತ್ತೇನೆ.

ಚನ್ನಗಿರಿಯ ನೆಂಟರಿಂದ ಅಡಿಕೆ ಚೊಗರು (ಅಡಿಕೆ ಬೇಯಿಸಿ ಉಳಿದ ನೀರು) ತರಿಸಿ ಅದನ್ನೂ ಬಳಿದು ನೋಡಿದೆ. ತಂಗಡಿಗಿಂತ ಬೇಗ ಇಳಿಯಿತು, ಬಣ್ಣವೂ ಗಾಢ. ಆದರೆ ಮಡಚಿದಲ್ಲಿ ಬಿರುಕು ಬಿಟ್ಟಿತು, ಬಿಳಿ ಮಚ್ಚೆಯ ಉಣ್ಣೆಗೆಲ್ಲ ಕೆಂಪು ಹತ್ತಿತು. ಇನ್ನೂ ನಾಲ್ಕೈದು ಲೀಟರ್ ಉಳಿದಿದೆ. ತಂಗಡಿಗೆ ಕಾಲುಪಾಲು ಬೆರೆಸಿ ಕರಿ ಮೇಕೆ ತೊಗಲಿಗೆ ಹಾಕಿದ್ದೇನೆ, ಕತ್ತಿನ ಹತ್ತಿರ ಇನ್ನೂ ಬಿಳಿ ಗೆರೆ ಇದೆ.