ಹಳಿಯ ಮಗ್ಗುಲಲ್ಲಿ ಎರಡು ದಿನ: ಬೀದರಿನಿಂದ ಕಲಬುರಗಿಗೆ ಸೈಕಲ್ ಮೇಲೆ

ಬೀದರಿನಿಂದ ಕಲಬುರಗಿಯವರೆಗೆ ಸೈಕಲ್ ಮೇಲೆ ಬರಬೇಕೆಂಬ ಆಸೆ ನನಗೆ ಹುಟ್ಟಿದ್ದು ರೈಲಿನಲ್ಲಿ. 2017ರ ಅಕ್ಟೋಬರ್ 29ರಂದು ಬೀದರ್–ಕಲಬುರಗಿ ಮಾರ್ಗದ ಉದ್ಘಾಟನೆ ಆಗುವವರೆಗೆ ಈ ಎರಡು ಊರುಗಳ ನಡುವೆ ರೈಲಿನಲ್ಲಿ ಹೋಗುವವರು ವಿಕಾರಾಬಾದನ್ನು ಬಳಸಿಕೊಂಡೇ ಹೋಗಬೇಕಾಗಿತ್ತು. ಅಷ್ಟು ಸುತ್ತುವ ಬದಲು ನಾವೆಲ್ಲ ಬಸ್ಸನ್ನೇ ನೆಚ್ಚಿಕೊಂಡಿದ್ದೆವು. ಸುಮಾರು 110 ಕಿಲೋಮೀಟರ್ ಉದ್ದದ ಹೊಸ ಮಾರ್ಗದಲ್ಲಿ ಬೀದರಿನ ಅಕ್ಕನ ಮನೆಗೆ ನಾಲ್ಕೈದು ಸಲ ಹೋಗಿಬರುವಾಗ, ತೊಗರಿ ಹೊಲಗಳ ನಡುವೆ ಹಳಿಯ ಹತ್ತಿರ ಬಂದು ಮತ್ತೆ ದೂರ ಸರಿಯುವ ರಸ್ತೆಯನ್ನು ನೋಡುತ್ತ ನೋಡುತ್ತ, ಎರಡು ದಿನ ರಜೆ ಸಿಕ್ಕರೆ ಇದನ್ನು ಸೈಕಲ್ ಮೇಲೆ ಮುಗಿಸಬಹುದಲ್ಲ ಎಂಬ ಲೆಕ್ಕ ತಲೆಯಲ್ಲಿ ಶುರುವಾಯಿತು. ಆಗ ನನಗೆ ನಲವತ್ತಾರು ವರ್ಷ, ಕೆಲಸ ಬ್ಯಾಂಕಿನಲ್ಲಿ. ಜೊತೆಗೆ ಬರಲು ಒಪ್ಪಿದವನು ನಮ್ಮ ಮನೆಯಲ್ಲಿದ್ದುಕೊಂಡು ಡಿಪ್ಲೊಮಾ ಓದುತ್ತಿದ್ದ ಅಕ್ಕನ ಮಗ.

ಹೊರದೇಶಗಳಲ್ಲಿ ಓಡಾಟ ನಿಂತುಹೋದ ರೈಲು ಮಾರ್ಗಗಳ ಹಳಿ ಕಿತ್ತು, ಅದೇ ಏರಿಯನ್ನು ಸೈಕಲ್ ದಾರಿಯಾಗಿ ಮಾಡಿದ್ದಾರೆ. ನ್ಯೂಜಿಲೆಂಡಿನ ಒಟಾಗೊ ಸೀಮೆಯಲ್ಲಿ 1990ರಲ್ಲಿ ಮುಚ್ಚಿದ ಮಾರ್ಗವೊಂದು 2000ದಲ್ಲಿ 152 ಕಿಲೋಮೀಟರಿನ ಸೈಕಲ್ ದಾರಿಯಾಗಿ ತೆರೆಯಿತು. ಅಮೆರಿಕದಲ್ಲಿ ಪಿಟ್ಸ್‌ಬರ್ಗಿನಿಂದ ಕಂಬರ್ಲೆಂಡಿನವರೆಗೆ ಸುಮಾರು 240 ಕಿಲೋಮೀಟರ್ ಹೀಗೆಯೇ ಹೋಗಬಹುದು. ಇಂಥ ದಾರಿಗಳು ವಯಸ್ಸಾದವರಿಗೂ ಮಕ್ಕಳಿಗೂ ಹಿಡಿಸುವುದಕ್ಕೆ ಕಾರಣ ಒಂದೇ: ರೈಲು ಕಡಿದಾದ ಏರು ಹತ್ತಲಾರದು. ನಮ್ಮೂರಿನಿಂದ ಮುಂಬೈಗೆ ಹೋಗುವವರಿಗೆಲ್ಲ ಗೊತ್ತಿರುವ ಭೋರ್ ಘಾಟಿನ ಏರು ರೈಲಿನ ಮಟ್ಟಿಗೆ ಬಹಳ ಕಡಿದಾದದ್ದು. ಅಲ್ಲಿಯೂ 37 ಅಡಿ ಮುಂದೆ ಹೋದರೆ ಒಂದು ಅಡಿ ಮಾತ್ರ ಮೇಲೇರುತ್ತದೆ. ಸೈಕಲ್ ತುಳಿಯುವವನಿಗೆ ಅಷ್ಟು ಏರು ಗಿಯರ್ ಬದಲಿಸಿ ನಿಧಾನವಾಗಿ ಹತ್ತುವಂಥದ್ದು, ಇಳಿದು ತಳ್ಳುವಂಥದ್ದಲ್ಲ.

ನಮ್ಮದಾದರೋ ರೈಲು ಓಡುತ್ತಿರುವ ಹಳಿ. ಹಳಿಯ ಪಕ್ಕದ ಕಚ್ಚಾ ದಾರಿಯಲ್ಲಿಯೇ ಹೋದರೆ ಏನಾಗುತ್ತದೆ ಮಾಮಾ ಎಂದು ಹುಡುಗ ಕೇಳಿದ. ಅದು ರೈಲ್ವೆಯ ಜಾಗ. ಅನುಮತಿಯಿಲ್ಲದೆ ಒಳಹೊಕ್ಕರೆ 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಒಂದು ಸಾವಿರ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಕಾಯ್ದೆ ಇಲ್ಲದಿದ್ದರೂ ನಾನು ಒಪ್ಪುತ್ತಿರಲಿಲ್ಲ, ಏಕೆಂದರೆ ಗಾಳಿ ಎದುರಿಗಿದ್ದರೆ ಹಿಂದಿನಿಂದ ಬರುವ ರೈಲಿನ ಸದ್ದು ತೀರ ಹತ್ತಿರ ಬರುವವರೆಗೆ ಕೇಳುವುದಿಲ್ಲ. ಆದ್ದರಿಂದ ಹಳಿಯನ್ನು ಆಚೆ ಈಚೆ ನೋಡಿಕೊಂಡು ರಸ್ತೆಯಲ್ಲಿಯೇ ಹೋಗುವುದೆಂದು ತೀರ್ಮಾನವಾಯಿತು.

ಯೋಜನೆಯ ಮೊದಲ ಕೆಲಸವನ್ನು ನಾನು ಸೈಕಲ್ ಮುಟ್ಟದೆಯೇ ಮಾಡಿದೆ. ಒಂದು ಭಾನುವಾರ ಕಲಬುರಗಿಯಲ್ಲಿ ರೈಲು ಹತ್ತಿ, ಕಿಟಕಿಯ ಪಕ್ಕ ಕುಳಿತು, ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ತಾಜ್ ಸುಲ್ತಾನಪುರ, ಕಮಲಾಪುರ, ಹುಮನಾಬಾದ್, ಹಳ್ಳಿಖೇಡ, ಖಾನಾಪುರ, ಬೀದರ್ ಎಂದು ನಿಲ್ದಾಣಗಳನ್ನು ಬರೆದುಕೊಂಡು, ಪ್ರತಿಯೊಂದರ ಎದುರಿಗೆ ರಸ್ತೆ ಎಡಕ್ಕಿದೆಯೋ ಬಲಕ್ಕಿದೆಯೋ, ಕಾಣುತ್ತದೆಯೋ ಇಲ್ಲವೋ, ನಿಲ್ದಾಣದಿಂದ ಊರು ಎಷ್ಟು ದೂರ ಎಂದು ಗುರುತು ಮಾಡುತ್ತ ಹೋದೆ. ಎದುರಿಗೆ ಕುಳಿತಿದ್ದ ಹಿರಿಯರೊಬ್ಬರು ಬಹಳ ಹೊತ್ತು ನೋಡಿ, "ರೈಲ್ವೆ ಇಲಾಖೆಯವರೇನ್ರಿ ನೀವು?" ಎಂದು ಕೇಳಿದರು. ಅಲ್ಲ, ಸೈಕಲ್ ಮೇಲೆ ಬರಬೇಕೆಂದಿದ್ದೇನೆ ಎಂದಾಗ ಅವರು ಮುಖ ತಿರುಗಿಸಿ ಹೊರಗೆ ನೋಡತೊಡಗಿದರು.

ಆ ದಿನ ನನ್ನ ಒಂದು ತಪ್ಪು ತಿಳಿವಳಿಕೆ ಬಿಟ್ಟುಹೋಯಿತು. ರೈಲು ಸಲೀಸಾಗಿ ಹೋಗುವುದರಿಂದ ಅದರ ಮಗ್ಗುಲಿನ ರಸ್ತೆಯೂ ಸಲೀಸಾಗಿರುತ್ತದೆ ಎಂದು ನಾನು ನಂಬಿದ್ದೆ. ಮರಗುತ್ತಿಯ ಬಳಿ ರೈಲು ಒಂದೂವರೆ ಕಿಲೋಮೀಟರಿಗೂ ಉದ್ದವಾದ ಸುರಂಗದೊಳಗೆ ನುಗ್ಗಿ, ಡಬ್ಬಿಯಲ್ಲಿ ಕತ್ತಲಾಗಿ, ಹುಡುಗರು ಕೂಗಿ, ಮತ್ತೆ ಬೆಳಕು ಬಂದಾಗ ಹೊಳೆಯಿತು: ರೈಲು ಗುಡ್ಡವನ್ನು ಕೊರೆದುಕೊಂಡು ಹೋಗುತ್ತದೆ, ರಸ್ತೆ ಗುಡ್ಡದ ಮೇಲೆಯೇ ಹೋಗುತ್ತದೆ. ಹಳ್ಳ ಬಂದರೆ ರೈಲಿಗೆ ಎತ್ತರದ ಏರಿ ಕಟ್ಟುತ್ತಾರೆ. ರಸ್ತೆ ಹಳ್ಳಕ್ಕೆ ಇಳಿದು ಮತ್ತೆ ಹತ್ತುತ್ತದೆ. ನೋಟ್‌ಬುಕ್ಕಿನಲ್ಲಿ ಹಳಿಯ ಏರಿ ಎಲ್ಲೆಲ್ಲಿ ಎತ್ತರವಾಗಿ ಕಂಡಿತೋ ಅಲ್ಲೆಲ್ಲ ರಸ್ತೆಗೆ ಇಳಿಜಾರೊಂದು, ಏರೊಂದು ಇದೆಯೆಂದು ಗುರುತು ಹಾಕಿದೆ. ಅವುಗಳಲ್ಲಿ ಹೆಚ್ಚಿನವು ನಿಜವಾದವು.

ಎರಡನೆಯ ಪ್ರಶ್ನೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು, ಯಾವ ಕಡೆಯಿಂದ ಹೊರಡಬೇಕೆಂಬುದು. ಕಲಬುರಗಿಯವರಾದ ನಾವು ಮನೆಯಿಂದಲೇ ಹೊರಟು ಬೀದರಿಗೆ ಹೋಗುವುದು ಸಹಜ. ಬಹಮನಿಗಳೂ 1347ರಿಂದ ಕಲಬುರಗಿಯಲ್ಲಿ ಆಳಿ ಕೊನೆಗೆ ರಾಜಧಾನಿಯನ್ನು ಆ ಕಡೆಗೇ ಕೊಂಡೊಯ್ದರು. ಆದರೆ ಅವರು ಸೈಕಲ್ ತುಳಿಯಲಿಲ್ಲ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದ್ದರೆ ಬೀದರ್ ಅದಕ್ಕಿಂತ 150 ಮೀಟರಿಗೂ ಹೆಚ್ಚು ಮೇಲಿದೆ. ಅಲ್ಲದೆ ಬೀದರ್ ನಮಗೆ ಈಶಾನ್ಯಕ್ಕಿದೆ. ಚಳಿಗಾಲದಲ್ಲಿ ನಮ್ಮ ಸೀಮೆಯಲ್ಲಿ ಗಾಳಿ ಹೆಚ್ಚಾಗಿ ಮೂಡಣದಿಂದಲೋ ಈಶಾನ್ಯದಿಂದಲೋ ಬೀಸುತ್ತದೆ. ಮಳೆಗಾಲದಲ್ಲಿ ಅದಕ್ಕೆ ಎದುರಾಗಿ ನೈಋತ್ಯದಿಂದ. ಅಂದರೆ ಡಿಸೆಂಬರ್–ಜನವರಿಯಲ್ಲಿ ಬೀದರಿನಿಂದ ಹೊರಟರೆ ಇಳಿಜಾರೂ ಗಾಳಿಯೂ ಎರಡೂ ನಮ್ಮ ಬೆನ್ನಿಗಿರುತ್ತವೆ. ಹತ್ತು ಕಿಲೋಮೀಟರ್ ವೇಗದ ಎದುರುಗಾಳಿ ಏನು ಮಾಡುತ್ತದೆಂಬುದನ್ನು ಶಹಾಬಾದಿಗೆ ಹೋಗಿಬರುವ ಅಭ್ಯಾಸದ ಸವಾರಿಗಳಲ್ಲಿ ತಿಳಿದುಕೊಂಡಿದ್ದೆ: ಹೋಗುವಾಗ ಒಂದೂಮುಕ್ಕಾಲು ಗಂಟೆಯಲ್ಲಿ ಮುಗಿದ ಅದೇ ದಾರಿ ಬರುವಾಗ ಎರಡೂವರೆ ಗಂಟೆ ತೆಗೆದುಕೊಂಡಿತ್ತು.

ದಿನ ಗೊತ್ತುಮಾಡುವುದು ಸುಲಭವಾಗಿತ್ತು. ಬ್ಯಾಂಕಿಗೆ ಎರಡನೆಯ ಶನಿವಾರ ರಜೆ. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಹೋಗದೆ ಸೈಕಲ್ ಹತ್ತಿದರೆ ಮನೆಯಲ್ಲಿ ಯಾರೂ ಸುಮ್ಮನಿರುತ್ತಿರಲಿಲ್ಲವಾದ್ದರಿಂದ ಅದು ಕಳೆದ ಮೇಲಿನ ರಜೆಯನ್ನು ಹಿಡಿದೆವು. ಶುಕ್ರವಾರ ಸಂಜೆ ಪರಿಚಯದವರ ಟೆಂಪೊದಲ್ಲಿ ಎರಡೂ ಸೈಕಲ್ಲುಗಳನ್ನು ಗೋಣಿಚೀಲ ಸುತ್ತಿ ಕಟ್ಟಿ ಬೀದರಿಗೆ ಒಯ್ದು ಅಕ್ಕನ ಮನೆಯಲ್ಲಿ ಮಲಗುವುದು; ಶನಿವಾರ ಹುಮನಾಬಾದಿನವರೆಗೆ ಸುಮಾರು 50 ಕಿಲೋಮೀಟರ್; ಭಾನುವಾರ ಅಲ್ಲಿಂದ ಕಲಬುರಗಿಗೆ 60ರ ಆಸುಪಾಸು. ಮೊದಲ ದಿನ ಬೀದರ್ ಕೋಟೆಯನ್ನೂ ನೋಡಿಬಿಡೋಣ ಎಂದು ಹುಡುಗ ಹಟ ಹಿಡಿದ. ಕೋಟೆ ನೋಡಲು ಅರ್ಧ ದಿನ ಬೇಕು, ಜನವರಿಯಲ್ಲಿ ಬೆಳಗ್ಗೆ ಏಳರ ಸುಮಾರಿಗೆ ಬೆಳಕಾಗಿ ಸಂಜೆ ಆರಕ್ಕೆಲ್ಲ ಹೊತ್ತು ಮುಳುಗುತ್ತದೆ, ಮೇಲಾಗಿ ಅವನು ಹುಟ್ಟಿದ್ದೇ ಆ ಊರಿನಲ್ಲಿ. ಕೋಟೆಯನ್ನು ಕೈಬಿಟ್ಟೆವು.

ಕತ್ತಲಾಗುವ ಮೊದಲೇ ಉಳಿಯುವ ಜಾಗ ಸೇರಬೇಕೆಂಬುದರಲ್ಲಿ ನಾನು ಕಟ್ಟುನಿಟ್ಟಾಗಿದ್ದುದಕ್ಕೆ ಕಾರಣ ಕಬ್ಬು. ಕಬ್ಬು ನುರಿಸುವ ಕಾಲದಲ್ಲಿ ಈ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಎಳೆದುಕೊಂಡು ಹೋಗುವ ಟ್ರ್ಯಾಕ್ಟರುಗಳಲ್ಲಿ ಬಹಳಷ್ಟಕ್ಕೆ ಹಿಂದೆ ದೀಪವಿರುವುದಿಲ್ಲ. ರಸ್ತೆಯಂಚಿನಲ್ಲಿ ಉದುರಿದ ಕಬ್ಬಿನ ಜಲ್ಲೆಯ ಮೇಲೆ ಗಾಲಿ ಏರಿದರೆ ಸೈಕಲ್ ಜಾರುತ್ತದೆ. ದೇಹ ಸೋತರೆ ತಪ್ಪಿಸಿಕೊಳ್ಳುವ ದಾರಿಯಾಗಿ ಹಳಿ ಇದ್ದೇ ಇತ್ತು: ಹುಮನಾಬಾದ್ ಅಥವಾ ಕಮಲಾಪುರದಲ್ಲಿ ಸೈಕಲ್ಲನ್ನು ಪರಿಚಯದ ಅಂಗಡಿಯಲ್ಲಿ ಬಿಟ್ಟು ರೈಲು ಹತ್ತಿದರೆ ಮನೆ. ಹೊರಡುವ ಹಿಂದಿನ ದಿನ ಆ ವಾರದ ರೈಲಿನ ವೇಳೆಯನ್ನು ನೋಡಿ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದುಕೊಂಡೆವು.

ಸಾಮಾನಿನ ವಿಷಯದಲ್ಲಿ ನಾನು ಜಾಣನೆಂದುಕೊಂಡಿದ್ದೆ. ಬೆನ್ನಿಗೆ ಏನೂ ಹಾಕದೆ ಎಲ್ಲವನ್ನೂ ಕ್ಯಾರಿಯರಿಗೆ ಹಳೆಯ ಟ್ಯೂಬಿನ ಪಟ್ಟಿಯಿಂದ ಬಿಗಿದೆ: ಒಂದೊಂದು ಜೊತೆ ಬಟ್ಟೆ, ಸ್ವೆಟರ್, ಪಂಪು, ಎರಡು ಹೊಸ ಟ್ಯೂಬು, ಪಂಕ್ಚರ್ ಸಾಮಾನು, ಅಲೆನ್ ಕೀ, ಚೈನಿಗೆ ಎಣ್ಣೆ, ಓಆರ್‌ಎಸ್ ಪೊಟ್ಟಣಗಳು. ತಲೆಗೆ ಮೂರು ಲೀಟರ್ ನೀರು. ಅಕ್ಕ ಇಪ್ಪತ್ತು ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಕಟ್ಟುವಾಗ, "ಬಸ್ಸದ, ರೈಲದ, ಈ ವಯಸ್ಸಿನಾಗ ನಿನಗ ಸೈಕಲ್ಲೇ ಬೇಕೇನೊ?" ಎಂದು ಬೈದು, ಮಗನ ಕಡೆ ತಿರುಗಿ, "ನಿಮ್ಮ ಮಾಮಾಗ ಸುಸ್ತಾದ್ರ ನಿಂದ್ರು, ಓಡಸಬ್ಯಾಡ" ಎಂದಳು.

ಶನಿವಾರ ಏಳೂಕಾಲಿಗೆ ಹೊರಟೆವು. ಬೀದರಿನ ಜಂಬಿಟ್ಟಿಗೆಯ ಕೆಂಪು ನೆಲ ಬಿಟ್ಟು ಯರೆ ಹೊಲಗಳು ಶುರುವಾಗುವವರೆಗೆ ಬೆರಳುಗಳು ಬ್ರೇಕಿನ ಮೇಲೆ ಮರಗಟ್ಟುವಷ್ಟು ಚಳಿ. ಹಳ್ಳಿಖೇಡ ದಾಟಿ ನಾಲ್ಕು ಕಿಲೋಮೀಟರ್ ಆಗಿರಬೇಕು, ಹುಡುಗನ ಹಿಂದಿನ ಗಾಲಿ ಕುಳಿತಿತು. ಒಂದು ಲಾರಿಗೆ ದಾರಿ ಬಿಡಲು ಡಾಂಬರು ಬಿಟ್ಟು ಅಂಚಿಗೆ ಇಳಿದಿದ್ದ; ಅಂಚಿನ ತುಂಬ ಕಡಿದು ಬಿಟ್ಟ ಬಳ್ಳಾರಿ ಜಾಲಿಯ ಟೊಂಗೆಗಳು. ನಾನು ಜಂಬದಿಂದ ಹೊಸ ಟ್ಯೂಬು ತೆಗೆದೆ. ಅದು ನನ್ನ ಸೈಕಲ್ಲಿನ 26 ಇಂಚಿನ ದಪ್ಪ ಗಾಲಿಯದು. ಅವನದು ಗೆಳೆಯನಿಂದ ತಂದ, ತೆಳ್ಳನೆಯ ದೊಡ್ಡ ಗಾಲಿಯ ಸೈಕಲ್. ಟ್ಯೂಬು ಹೋಗಲಿ, ಅದರ ವಾಲ್ವಿಗೆ ನನ್ನ ಪಂಪಿನ ಬಾಯಿಯೂ ಕೂಡಲಿಲ್ಲ. ನನ್ನದು ಮೋಟರ್ ಸೈಕಲ್ಲಿನಂಥ ದಪ್ಪ ವಾಲ್ವು, ಅವನದು ತುದಿಯಲ್ಲಿ ಸಣ್ಣ ತಿರುಪು ಇರುವ, ಪೆನ್ನಿನ ರಿಫಿಲ್ಲಿನಂಥ ತೆಳು ವಾಲ್ವು. ಮೂರು ವಾರ ಯೋಜನೆ ಮಾಡಿದವನು ಎರಡು ಸೈಕಲ್ಲುಗಳನ್ನು ಪಕ್ಕಪಕ್ಕ ನಿಲ್ಲಿಸಿ ಒಮ್ಮೆಯೂ ನೋಡಿರಲಿಲ್ಲ.

ಸೈಕಲ್ ತಳ್ಳಿಕೊಂಡು ಮುಕ್ಕಾಲು ಗಂಟೆ ನಡೆದ ಮೇಲೆ ರಸ್ತೆ ಪಕ್ಕ ಒಂದು ಪಂಕ್ಚರ್ ಅಂಗಡಿ ಸಿಕ್ಕಿತು. ಅಂಗಡಿಯಾತ ಟ್ಯೂಬು ಹೊರಗೆಳೆದು, ನೀರಿನ ಬುಟ್ಟಿಯಲ್ಲಿ ಮುಳುಗಿಸಿ ತೂತು ಹುಡುಕುವ ಮೊದಲು, ಟೈರಿನ ಒಳಗೆ ಎರಡು ಬೆರಳು ಇಟ್ಟು ನಿಧಾನವಾಗಿ ಒಂದು ಸುತ್ತು ಸವರಿದ. ಮುಕ್ಕಾಲು ಸುತ್ತಿಗೆ ಕೈ ನಿಂತಿತು. ಮುಳ್ಳು ಇನ್ನೂ ಅಲ್ಲೇ ಇತ್ತು, ಹೊರಗಿನಿಂದ ಕಾಣದಂತೆ ಮುರಿದು. ಅದನ್ನು ತೆಗೆಯದೆ ಟ್ಯೂಬು ಹಾಕಿದ್ದರೆ ಒಂದು ಫರ್ಲಾಂಗಿಗೆ ಮತ್ತೆ ಪಂಕ್ಚರ್. ತೇಪೆ ಹಾಕಿ ಗಾಳಿ ತುಂಬಲು ನೋಡಿದರೆ ಅವನ ಕಂಪ್ರೆಸರಿನ ಬಾಯಿಯೂ ಕೂಡದು. ವಾಲ್ವಿನ ಮೇಲಿದ್ದ ಪ್ಲಾಸ್ಟಿಕ್ ಮುಚ್ಚಳವನ್ನು ತಿರುಗಿಸಿ ಮುರುಗಿಸಿ ನೋಡಿ, "ನಿಂದ್ರಿ ಸರ್, ಇದಕ್ಕೊಂದು ಇಲಾಜ್ ಮಾಡೋಣ" ಎಂದ. ಮುಚ್ಚಳದ ಚೂಪಾದ ತುದಿಯನ್ನು ಬ್ಲೇಡಿನಿಂದ ಕತ್ತರಿಸಿ, ವಾಲ್ವಿನ ಸಣ್ಣ ತಿರುಪು ಸಡಿಲಿಸಿ, ಮುಚ್ಚಳವನ್ನು ತಲೆಕೆಳಗಾಗಿ ಹಾಕಿ ತಿರುಗಿಸಿದ. ಅದರ ಮೇಲೆ ಕಂಪ್ರೆಸರಿನ ಬಾಯಿ ಒತ್ತಿದಾಗ ಪಕ್ಕದಲ್ಲಿ ಸ್ವಲ್ಪ ಸೋರಿದರೂ ಗಾಳಿ ಒಳಗೆ ಹೋಯಿತು. ಬೇಕಾದಷ್ಟು ಬಿಗಿಯಾಗಲಿಲ್ಲ, ಹುಮನಾಬಾದಿಗೆ ಸಾಕಾಯಿತು. ಹನ್ನೊಂದೂವರೆಗೆ ತಲುಪಬೇಕಾದವರು ಎರಡೂವರೆಗೆ ತಲುಪಿದೆವು. ಮಧ್ಯಾಹ್ನವೆಲ್ಲ ನಾನು ಮಲಗಿಯೇ ಇದ್ದೆ. ಊರಿಗೆ ಹತ್ತಿರದ ಮಾಣಿಕಪ್ರಭುಗಳ ಕ್ಷೇತ್ರ ಮಾಣಿಕನಗರಕ್ಕೆ ಹುಡುಗನೊಬ್ಬನೇ ಹೋಗಿಬಂದ.

ಎತ್ತರದ ಲಾಭವೆಲ್ಲ ಎರಡನೆಯ ದಿನಕ್ಕೆ ಉಳಿದಿತ್ತು. ಪುಣೆ–ಹೈದರಾಬಾದ್ ಹೆದ್ದಾರಿಯ ಗದ್ದಲ ಹುಮನಾಬಾದಿನಲ್ಲಿಯೇ ಬಿಟ್ಟುಹೋಯಿತು. ಕಿಣ್ಣಿ ಸಡಕ್, ಮರಗುತ್ತಿಯ ಕಡೆಯ ಗುಡ್ಡಗಳಲ್ಲಿ ರಸ್ತೆ ಏರಿ ಇಳಿದು ಒಟ್ಟಿನಲ್ಲಿ ಕೆಳಗೇ ಹೋಗುತ್ತದೆ. ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿಯೇ ಹಿಡಿಯಬಾರದು, ಎರಡನ್ನೂ ಒತ್ತಿ ಒತ್ತಿ ಬಿಡಬೇಕು, ತಿರುವಿಗೆ ಮೊದಲೇ ವೇಗ ಇಳಿಸಬೇಕು ಎಂದು ಹುಡುಗನಿಗೆ ಹೇಳಿದ್ದೆ. ಅವನು ಹಾಗೆಯೇ ಮಾಡಿದ, ನಾನೇ ಒಂದು ತಿರುವಿನಲ್ಲಿ ಮರೆತು ಎದುರಿನ ಬಸ್ಸಿನ ಚಾಲಕನಿಂದ ಬೈಸಿಕೊಂಡೆ. ಗುಡ್ಡದ ಆಚೆ ಎಲ್ಲೋ ರೈಲಿನ ಸಿಳ್ಳು ಕೇಳಿತು, ರೈಲು ಕಾಣಲಿಲ್ಲ.

ಕಮಲಾಪುರದಲ್ಲಿ ಬುಟ್ಟಿ ಇಟ್ಟುಕೊಂಡು ಕುಳಿತವರಿಂದ ಕೆಂಪು ಬಾಳೆಹಣ್ಣು ತೆಗೆದುಕೊಂಡೆವು. ದರ ಹೆಚ್ಚು, ಆದರೆ ಎರಡು ಹಣ್ಣು ತಿಂದರೆ ಒಂದು ಗಂಟೆ ತುಳಿಯುವಷ್ಟು ಹೊಟ್ಟೆ ತುಂಬುತ್ತದೆ, ಅಕ್ಕನ ರೊಟ್ಟಿಯಂತೆ ಬಾಯಿ ಒಣಗಿಸುವುದಿಲ್ಲ. ಮಹಾಗಾಂವ ಕ್ರಾಸಿನಲ್ಲಿ ಚಹಾ. ಅಲ್ಲಿಂದ ಮುಂದೆ ಬಯಲು, ಬಿಸಿಲು, ಕೊಯ್ಲಾದ ತೊಗರಿಯ ಕಟ್ಟುಗಳು, ಬರೆಯುವಂಥದ್ದೇನೂ ಇಲ್ಲ. ತಾಜ್ ಸುಲ್ತಾನಪುರದ ಹತ್ತಿರ ಹಳಿ ಮತ್ತೆ ಕಣ್ಣಿಗೆ ಬಿತ್ತು. ಒಂದೂಮುಕ್ಕಾಲಿಗೆ ಮನೆಯ ಬಾಗಿಲಲ್ಲಿ ಇಳಿದಾಗ ಬಲಗೈಯ ಕಿರುಬೆರಳಿಗೆ ಜೋಮು ಹಿಡಿದಿತ್ತು; ಅದು ಬಿಡಲು ಮೂರು ದಿನ ಬೇಕಾಯಿತು. ಹ್ಯಾಂಡಲಿನ ಮೇಲೆ ಒಂದೇ ಕಡೆ ಭಾರ ಬಿಟ್ಟುಕೊಂಡು ಕುಳಿತದ್ದರ ಫಲ.

ಮರುದಿನ ಸಂಜೆ ಬಜಾರಿನ ಸೈಕಲ್ ಅಂಗಡಿಯಲ್ಲಿ ತೆಳು ವಾಲ್ವಿನ ಹಿತ್ತಾಳೆಯ ಅಡಾಪ್ಟರ್ ಕೊಂಡೆ. ಹುಡುಗ ಅದನ್ನು ಪಂಪಿಗೆ ದಾರದಿಂದ ಕಟ್ಟಿ, ಕತ್ತರಿಸಿದ ಮುಚ್ಚಳವನ್ನೂ ಅದೇ ದಾರಕ್ಕೆ ಪೋಣಿಸಿದ.